ತರಗತಿಯ ಚರ್ಚೆಯಲ್ಲಿ ಎಲ್ಲ ಮಕ್ಕಳ ದನಿ: ಗ್ರಾಮ ಪಂಚಾಯಿತಿಯ ಹೊಣೆ

ಶಿಕ್ಷಕರು ಪ್ರಶ್ನೆ ಕೇಳಿದೊಡನೆ ಮುಂದಿನ ಸಾಲಿನಲ್ಲಿ ನಾಲ್ಕಾರು ಕೈಗಳು ಮೇಲೇಳುತ್ತವೆ. ಉತ್ತರ ದೊರೆಯುತ್ತದೆ, ಪಾಠ ಮುಂದುವರಿಯುತ್ತದೆ. ಹಿಂದಿನ ಸಾಲಿನ ಮಗು ವರ್ಷವಿಡೀ ಒಂದು ಮಾತನ್ನೂ ಆಡದೆ ಮುಂದಿನ ತರಗತಿಗೆ ಹೋಗಬಹುದು. ಹಾಜರಾತಿ ಪುಸ್ತಕದಲ್ಲಿ ಅದು ಹಾಜರಿರುತ್ತದೆ. ಕಲಿಕೆಯಲ್ಲಿ ಹಿಂದುಳಿದಿರುವುದು ಮಾತ್ರ ತಡವಾಗಿ ತಿಳಿಯುತ್ತದೆ.

ತಿಪಟೂರು, ತುರುವೇಕೆರೆ ಹಾಗೂ ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಶಾಲೆಗಳಲ್ಲಿ ತೋಟದೊಡೆಯರ ಮಕ್ಕಳೂ ಅದೇ ತೋಟದಲ್ಲಿ ಕಾಯಿ ಸುಲಿಯುವವರ ಮಕ್ಕಳೂ ಒಟ್ಟಿಗೆ ಓದುತ್ತಾರೆ. ಹಟ್ಟಿ ಮತ್ತು ತಾಂಡಾಗಳಿಂದ ಬರುವವರು, ಮನೆಯಲ್ಲಿ ಲಂಬಾಣಿ, ಉರ್ದು ಅಥವಾ ತೆಲುಗು ಆಡುವವರು, ಕೂಲಿಗಾಗಿ ವಲಸೆ ಬಂದ ಕುಟುಂಬದವರು, ಕಿವಿ ಮಂದವಾಗಿರುವವರು ಇದ್ದಾರೆ. ಇಂತಹ ಮಕ್ಕಳ ಮೌನಕ್ಕೆ ಬಹುಮಟ್ಟಿಗೆ ಕಾರಣ ದಡ್ಡತನವಲ್ಲ. ಭಾಷೆಯ ಅಳುಕು, ಸಹಪಾಠಿಗಳು ನಕ್ಕಾರೆಂಬ ಭಯ ಮತ್ತು ಊರಿನ ಮೇಲು ಕೀಳಿನ ನೆರಳು.

2009ರ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆಯ 29ನೇ ಪ್ರಕರಣವು ಮಗುವನ್ನು ಭಯ ಮತ್ತು ಆತಂಕದಿಂದ ಮುಕ್ತಗೊಳಿಸಿ, ತನ್ನ ಅಭಿಪ್ರಾಯವನ್ನು ಮುಕ್ತವಾಗಿ ಹೇಳಲು ನೆರವಾಗಬೇಕೆಂದು ತಿಳಿಸುತ್ತದೆ. ದುರ್ಬಲ ವರ್ಗದ ಮಕ್ಕಳ ವಿರುದ್ಧ ತಾರತಮ್ಯ ನಡೆಯದಂತೆ ನೋಡಿಕೊಳ್ಳುವ ಕರ್ತವ್ಯವನ್ನು 9ನೇ ಪ್ರಕರಣವು ಸ್ಥಳೀಯ ಪ್ರಾಧಿಕಾರಕ್ಕೆ ವಹಿಸಿದೆ. ಆದುದರಿಂದ ಈ ವಿಷಯವು ಕೇವಲ ಶಿಕ್ಷಣ ಇಲಾಖೆಗೆ ಸೇರಿದುದಲ್ಲ.

ಇದಕ್ಕೆ ಮಾದರಿ ನಮ್ಮ ರಾಜ್ಯದಲ್ಲೇ ಇದೆ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ‘ನಲಿ ಕಲಿ’ ಪದ್ಧತಿಯಲ್ಲಿ ಮಕ್ಕಳು ಸಾಲಾಗಿ ಕೂರದೆ ಗುಂಪುಗಳಲ್ಲಿ ಕುಳಿತು, ತಮ್ಮ ವೇಗದಲ್ಲಿ ಕಲಿಯುತ್ತಾರೆ. ಮೇಲಿನ ತರಗತಿಗಳಲ್ಲಿಯೂ ಇದೇ ಆಶಯವನ್ನು ಹಣದ ವೆಚ್ಚವಿಲ್ಲದೆ ಪಾಲಿಸಬಹುದು:

1. ಪ್ರಶ್ನೆ ಕೇಳಿದ ನಂತರ ಯೋಚಿಸಲು ತುಸು ಸಮಯ ನೀಡುವುದು.
2. ಮೊದಲು ಇಬ್ಬಿಬ್ಬರು ತಮ್ಮಲ್ಲೇ ಚರ್ಚಿಸಿ, ಬಳಿಕ ತರಗತಿಯ ಮುಂದೆ ಹೇಳುವುದು.
3. ಮನೆಮಾತಿನಲ್ಲಿ ಹೇಳಿದ ಉತ್ತರವನ್ನೂ ಸ್ವೀಕರಿಸಿ, ಅದನ್ನು ಕನ್ನಡಕ್ಕೆ ತರಲು ನೆರವಾಗುವುದು.
4. ಆಸನಗಳನ್ನು ವಾರಕ್ಕೊಮ್ಮೆ ಬದಲಿಸುವುದು. ಕಿವಿ ಮಂದವಾದ ಮಗುವನ್ನು ಸದಾ ಮುಂದೆ ಕೂರಿಸುವುದು.
5. ತಪ್ಪು ಉತ್ತರಕ್ಕೆ ಯಾರೂ ನಗದಂತೆ ನೋಡಿಕೊಳ್ಳುವುದು.

ಸದಸ್ಯರು ಶಾಲೆಗೆ ಭೇಟಿ ನೀಡಿದಾಗ ಶಿಕ್ಷಕರನ್ನಾಗಲಿ ಮಕ್ಕಳನ್ನಾಗಲಿ ಪರೀಕ್ಷಿಸಬೇಕಾಗಿಲ್ಲ. ಮುಖ್ಯ ಶಿಕ್ಷಕರ ಒಪ್ಪಿಗೆಯಿಂದ ಹಿಂದೆ ಕುಳಿತು, ಯಾವ ಮಕ್ಕಳು ಮಾತನಾಡಿದರು, ಯಾರು ಮಾತನಾಡಲಿಲ್ಲ ಎಂಬುದನ್ನಷ್ಟೇ ಗಮನಿಸಿ, ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಯಾರ ಹೆಸರನ್ನೂ ಎತ್ತದೆ ಚರ್ಚಿಸಬಹುದು. ಮಕ್ಕಳ ಗ್ರಾಮಸಭೆಯಲ್ಲಿಯೂ ಭಾಷಣ ಕಲಿತು ಬಂದ ಮಕ್ಕಳಿಗೆ ಮಾತ್ರ ಅವಕಾಶ ದೊರೆಯಬಾರದು. ಸಭೆಗೆ ಮುನ್ನ ಹಟ್ಟಿ, ತಾಂಡಾಗಳ ಮಕ್ಕಳೊಡನೆ ಪ್ರತ್ಯೇಕವಾಗಿ ಮಾತನಾಡುವುದು, ಹೇಳಲು ಅಳುಕುವವರಿಗಾಗಿ ಚೀಟಿ ಪೆಟ್ಟಿಗೆ ಇಡುವುದು ಸೂಕ್ತ.

ಶೌಚಾಲಯಕ್ಕೆ ಚಿಲಕವಿಲ್ಲವೆಂದು, ಅಕ್ಕನಿಗೆ ಬಾಲ್ಯವಿವಾಹ ನಿಶ್ಚಯವಾಗಿದೆಯೆಂದು ಹೇಳಬೇಕಾದ ಮಗು ಹಿಂದಿನ ಸಾಲಿನಲ್ಲೇ ಇರಬಹುದು. ತರಗತಿಯಲ್ಲಿ ತನ್ನ ಮಾತಿಗೆ ಬೆಲೆಯಿದೆ ಎಂದು ಅರಿತ ಮಗು ಮಾತ್ರ ಅಂತಹ ಸಂಗತಿಯನ್ನು ಹಿರಿಯರ ಮುಂದೆ ಹೇಳುವ ಧೈರ್ಯ ತೋರುತ್ತದೆ.