ಮನೆಯ ಹಿತ್ತಲಿನ ಜೇನುಹುಳುಗಳು: ಉಪಕಾರವೂ ಉಪದ್ರವವೂ

ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಕಡಿಮೆ ಮಳೆ ಬೀಳುವ ಸೀಮೆಗೆ ಸೇರಿದವೆಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಹೇಳಬೇಕಾದುದಿಲ್ಲ. ಆದರೂ ಬಚ್ಚಲ ನೀರು ಹರಿಯುವ ಕಡೆಯಲ್ಲಿ ಒಂದು ಕುಂಬಳದ ಬಳ್ಳಿಯನ್ನೋ, ನುಗ್ಗೆಯನ್ನೋ, ನಿಂಬೆಯ ಗಿಡವನ್ನೋ ಬೆಳೆಸುವ ಮನೆಗಳು ನಮ್ಮಲ್ಲಿ ಬಹಳ ಉಂಟು. ಈ ಹಿತ್ತಲುಗಳಲ್ಲಿ ಹೀಗೆ ನಡೆಯುವುದುಂಟು: ನಿಂಬೆಯ ಕೊಂಬೆಯಲ್ಲಿ ಅಂಗೈಯಗಲದ ಜೇನುತಟ್ಟಿಯು ಕಾಣುತ್ತದೆ, ಮಕ್ಕಳನ್ನು ಕಚ್ಚೀತೆಂದು ಹೆದರಿ ಮನೆಯವರು ಪಂಜು ಹಿಡಿದು ಅದನ್ನು ಸುಡುತ್ತಾರೆ. ಕೆಲವು ವಾರಗಳಾದ ಮೇಲೆ ಕುಂಬಳದ ಹೀಚುಗಳು ಹಳದಿಯಾಗಿ ಉದುರತೊಡಗುತ್ತವೆ. ಆಗ ದೃಷ್ಟಿ ತಾಗಿತೆಂದು ಚಪ್ಪರಕ್ಕೆ ಹಳೆಯ ಕೆರವನ್ನು ಕಟ್ಟುತ್ತಾರೆ. ಹೀಚು ಉದುರುವುದಕ್ಕೆ ಬೇರೆ ಕಾರಣಗಳೂ ಇರಬಹುದು. ಆದರೆ ಆ ಪಂಜಿಗೂ ಈ ಹೀಚಿಗೂ ಇರುವ ಸಂಬಂಧವನ್ನು ಮೊದಲು ವಿಚಾರಿಸತಕ್ಕದ್ದು.

ಕುಂಬಳದಲ್ಲಿ ಗಂಡು ಹೂವು ಬೇರೆ, ಹೆಣ್ಣು ಹೂವು ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರವು ಮೊದಲೇ ಕಾಣುವುದರಿಂದ ಅದನ್ನು ಗುರುತಿಸುವುದು ಸುಲಭ. ಗಂಡು ಹೂವಿನ ಪರಾಗವು ತೂಕವಾಗಿಯೂ ಅಂಟಾಗಿಯೂ ಇರುವುದರಿಂದ ಗಾಳಿಗೆ ಹಾರದು. ಯಾವುದಾದರೊಂದು ಹುಳುವು ಅದನ್ನು ಹೊತ್ತೊಯ್ಯಲೇಬೇಕು. ಈ ಹೂಗಳು ಬೆಳಗಿನ ಜಾವದಲ್ಲಿ ಅರಳಿ, ಹೊತ್ತೇರುವಷ್ಟರಲ್ಲಿ ಮುಚ್ಚಿಕೊಳ್ಳುತ್ತವೆ. ಆ ಕೆಲವು ಗಂಟೆಗಳೊಳಗೆ ಹುಳುವು ಬಾರದಿದ್ದರೆ ಹೀಚು ನಿಲ್ಲುವುದಿಲ್ಲ. ಹುಳುಗಳಿಲ್ಲದ ಹಿತ್ತಲಿನಲ್ಲಿ ಬೆಳಿಗ್ಗೆಯೇ ಗಂಡು ಹೂವನ್ನು ಕಿತ್ತು, ಎಸಳುಗಳನ್ನು ತೆಗೆದು, ಹೆಣ್ಣು ಹೂವಿನ ನಡುವೆ ಮೆಲ್ಲನೆ ಸವರಿದರೆ ಕಾಯಿ ನಿಲ್ಲಬಹುದು. ಜೇನುಹುಳುವು ಕೂಲಿ ಕೇಳದೆ ಮಾಡುವ ಕೆಲಸವು ಇದೇ. ಹೊಲದ ಶೇಂಗಾ ಗಿಡವು ಬಹುಮಟ್ಟಿಗೆ ತನ್ನ ಹೂವಿನೊಳಗೆ ತಾನೇ ಫಲಿಸುವುದು. ಸೂರ್ಯಕಾಂತಿಗೂ, ಬೀಜಕ್ಕಾಗಿ ಬಿಟ್ಟ ಈರುಳ್ಳಿಗೂ ಜೇನಿನ ನೆರವು ಬಹಳವಾಗಿ ಬೇಕು.

ಜೇನುಗಳೆಲ್ಲ ಒಂದೇ ಸ್ವಭಾವದವಲ್ಲ. ಕೊಂಬೆಗೆ ಅಂಗೈಯಗಲದ ಒಂದೇ ತಟ್ಟಿ ಕಟ್ಟುವುದು ಕಡ್ಡಿಜೇನು. ಇದು ಬಹುಮಟ್ಟಿಗೆ ಸಾಧು. ಮರದ ಪೊಟರೆಯ ಕತ್ತಲೆಯಲ್ಲಿ ಹಲವು ತಟ್ಟಿಗಳನ್ನು ಸಾಲಾಗಿ ಕಟ್ಟುವುದು ತುಡುವೆ; ಪೆಟ್ಟಿಗೆಯಲ್ಲಿ ನಮ್ಮವರು ಸಾಕುತ್ತ ಬಂದದ್ದು ಮುಖ್ಯವಾಗಿ ಇದನ್ನೇ. ಗೋಡೆಯ ಬಿರುಕಿನಲ್ಲಿ ಮೇಣದ ಕೊಳವೆಯ ಬಾಗಿಲಿಟ್ಟುಕೊಂಡು ವಾಸಿಸುವ ಪುಟ್ಟ ಮುಜಂಟಿಗೆ ಕುಟುಕುವ ಶಕ್ತಿಯೇ ಇಲ್ಲ. ಎತ್ತರದ ಮರ, ಬಂಡೆಯ ಮರೆ, ನೀರಿನ ದೊಡ್ಡ ತೊಟ್ಟಿಗಳ ಕೆಳಗೆ ಮೊಳಕ್ಕೂ ಮಿಗಿಲಾದ ತಟ್ಟಿ ಕಟ್ಟುವ ಹೆಜ್ಜೇನಿಗೆ ಮಾತ್ರ ನಿಜವಾಗಿ ಅಂಜಬೇಕು. ಕರ್ರಗೆ ಹೊಳೆಯುವ ದೊಡ್ಡ ದುಂಬಿಯು ತೊಲೆ ಜಂತೆಗಳನ್ನು ಕೊರೆಯುತ್ತದೆ. ಆದರೆ ನುಗ್ಗೆಯ ಹೂವನ್ನು ಫಲಗೊಳಿಸುವುದರಲ್ಲಿ ಅದೇ ಮುಂದು. ಮನೆಯ ಮರಕ್ಕೆ ಬಣ್ಣ ಬಳಿದು, ಹಿತ್ತಲಿನ ಮೂಲೆಯಲ್ಲಿ ಒಂದು ಒಣಮರದ ತುಂಡನ್ನು ಅದಕ್ಕೆ ಬಿಟ್ಟರೆ ಇಬ್ಬರಿಗೂ ಕ್ಷೇಮ.

ಇನ್ನು ಉಪದ್ರವದ ಮಾತು. ಬೇಸಗೆಯಲ್ಲಿ ಜೇನುಗಳು ಕೊಳಾಯಿ, ತೊಟ್ಟಿ, ಪಾತ್ರೆ ತೊಳೆಯುವ ಕಲ್ಲುಗಳಿಗೆ ಮುತ್ತುವುದು ಕುಟುಕಬೇಕೆಂಬ ಹಟದಿಂದಲ್ಲ. ಮರಿಗಳಿರುವ ತಟ್ಟಿಯು ಸುಮಾರು 34-35 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿರಬೇಕು; ಬಿಸಿಲೇರಿದಾಗ ನೀರನ್ನು ತಂದು ಗೂಡಿನಲ್ಲಿ ಹರಡಿ, ರೆಕ್ಕೆಯಿಂದ ಬೀಸಿ ಅವು ತಂಪು ಮಾಡುತ್ತವೆ. ಆದುದರಿಂದ ಬಿಸಿಲು ಬಲಿಯುವುದಕ್ಕೆ ಮೊದಲೇ ಹಿತ್ತಲಿನ ದೂರದ ಮೂಲೆಯಲ್ಲಿ ಅಗಲವಾದ ಮಣ್ಣಿನ ತಟ್ಟೆಯಲ್ಲಿ ಕಲ್ಲುಹರಳುಗಳನ್ನು ಹಾಕಿ ದಿನವೂ ನೀರಿಡಬೇಕು. ಒಂದು ಸ್ಥಳವನ್ನು ಕಲಿತ ಜೇನು ಅಲ್ಲಿಗೇ ಮರಳುವುದು. ಹೆಜ್ಜೇನು ರಾತ್ರಿ ದೀಪಕ್ಕೆ ಬಂದರೆ ಹೊರಗಿನ ದೀಪವನ್ನು ಆರಿಸಿದರಾಯಿತು.

ಕುಟುಕಿದ ಜೇನಿನ ಮುಳ್ಳು ಚರ್ಮದಲ್ಲಿಯೇ ಉಳಿದು ವಿಷವನ್ನು ಇಳಿಸುತ್ತಿರುವುದು. ಅದನ್ನು ಕೂಡಲೇ ಉಗುರಿನಿಂದ ಕೆರೆದು ತೆಗೆದು, ಸಾಬೂನಿನಿಂದ ತೊಳೆದು, ತಣ್ಣೀರಿನ ಬಟ್ಟೆಯನ್ನಿಡಬೇಕು. ಮುಳ್ಳಿನ ವಾಸನೆಯು ಇತರ ಜೇನುಗಳನ್ನು ಕರೆಯುವುದರಿಂದ ಆ ಸ್ಥಳವನ್ನು ಬಿಡತಕ್ಕದ್ದು. ಹೆಜ್ಜೇನು ಎದ್ದರೆ ಕೈ ಬೀಸದೆ, ಮುಖವನ್ನು ಮುಚ್ಚಿಕೊಂಡು ಓಡಿ ಮನೆಯನ್ನು ಹೊಕ್ಕು ಬಾಗಿಲು ಹಾಕಬೇಕು. ಮೈಯೆಲ್ಲ ದದ್ದು ಎದ್ದರೆ, ತುಟಿ ನಾಲಗೆಗಳು ಬಾತರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ, ಮನೆಮದ್ದಿನಲ್ಲಿ ಕಾಲ ಕಳೆಯದೆ 108ಕ್ಕೆ ಕರೆ ಮಾಡಿ ಆಸ್ಪತ್ರೆಗೆ ಸೇರಿಸಬೇಕು. ಕೆಲವರಿಗೆ ಒಂದೇ ಕುಟುಕು ಪ್ರಾಣಾಪಾಯವನ್ನು ತರುವುದುಂಟು. ತಾಯಂದಿರು ಇನ್ನೊಂದನ್ನು ನೆನಪಿಡಲಿ: ಒಂದು ವರ್ಷ ತುಂಬದ ಶಿಶುವಿಗೆ ಜೇನುತುಪ್ಪವನ್ನು ನೆಕ್ಕಿಸಲೇಬಾರದು, ಅದರಲ್ಲಿರಬಹುದಾದ ರೋಗಾಣುವು ಎಳೆಯ ಕರುಳಿನಲ್ಲಿ ವಿಷವನ್ನು ಹುಟ್ಟಿಸಬಲ್ಲದು.

ಹೆಣ್ಣುಮಕ್ಕಳ ಶಾಲೆಗೂ ಜೇನಿಗೂ ಒಂದು ನಂಟುಂಟು. ಅಮೆರಿಕದ ಸಭಾಪಾಲಕರಾದ ಲ್ಯಾಂಗ್‌ಸ್ಟ್ರಾತ್ ಎಂಬವರು ಹುಡುಗಿಯರ ಶಾಲೆಯ ಮುಖ್ಯೋಪಾಧ್ಯಾಯರೂ ಆಗಿದ್ದವರು. ತಟ್ಟಿಗಳ ನಡುವೆ ಸುಮಾರು ಒಂದು ಸೆಂಟಿಮೀಟರಿನಷ್ಟು ಎಡೆ ಬಿಟ್ಟರೆ ಜೇನುಗಳು ಅದನ್ನು ಮುಚ್ಚದೆ ದಾರಿಯಾಗಿ ಬಳಸುವುವೆಂದು ಅವರು 1851ರಲ್ಲಿ ಅರಿತು, ತಟ್ಟಿಗಳನ್ನು ಮುರಿಯದೆ ಹೊರತೆಗೆಯಬಹುದಾದ ಪೆಟ್ಟಿಗೆಯನ್ನು ರಚಿಸಿದರು. ನಮ್ಮ ತುಡುವೆಗೆ ಒಪ್ಪುವ ಚಿಕ್ಕ ಪೆಟ್ಟಿಗೆಯನ್ನು ರೂಪಿಸಿ, 1911ರಿಂದ 1917ರ ವರೆಗೆ ಹಳ್ಳಿಗರಿಗೆ ಜೇನುಸಾಕಣೆಯನ್ನು ಕಲಿಸಿದವರು ತಿರುಚಿನಾಪಳ್ಳಿಯಲ್ಲಿದ್ದ ಪಾದ್ರಿ ನ್ಯೂಟನ್ನರು. 1991-92ರಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ಮರಿಗಳ ರೋಗವು ದಕ್ಷಿಣ ಭಾರತಕ್ಕೆ ಬಂದು ತುಡುವೆಯ ಬಹುಪಾಲು ಗೂಡುಗಳನ್ನು ಅಳಿಸಿತು. ಉಳಿದ ಗೂಡುಗಳನ್ನು ನಾವೇ ಸುಡುವುದು ಯಾವ ಜಾಣತನ?

ರೇಷ್ಮೆಹುಳುಗಳನ್ನು ಸಾಕಿದವರಿಗೆ ಕೀಟನಾಶಕದ ಗಾಳಿಯೂ ಹುಳುವಿಗೆ ಮೃತ್ಯುವೆಂಬುದು ಚೆನ್ನಾಗಿ ತಿಳಿದಿದೆ, ಜೇನಿಗೂ ಹಾಗೆಯೇ. ಅರಳಿದ ಹೂವಿನ ಮೇಲೆ ಔಷಧವನ್ನು ಎರಚಬಾರದು. ಎರಚಲೇಬೇಕಾದರೆ ಜೇನುಗಳು ಗೂಡಿಗೆ ಮರಳಿದ ಸಂಜೆಯ ವೇಳೆ ಎರಚತಕ್ಕದ್ದು. ದಾರಿಗೆ ಅಡ್ಡವಾಗಿ ಕಟ್ಟಿದ ಗೂಡನ್ನು ಬಲ್ಲವರಿಂದ ತೆಗೆಸಬೇಕು. ಹೆಜ್ಜೇನಿನ ಗೂಡನ್ನಂತೂ ಮನೆಯವರು ಮುಟ್ಟಲೇಬಾರದು. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನು ಬರೆಯಿಸಿದ ಶಾಸನವನ್ನು ಬಿ. ಎಲ್. ರೈಸ್‌ರವರು 1892ರಲ್ಲಿ ಬೆಳಕಿಗೆ ತಂದರು. ತಂದೆತಾಯಿಗಳ ಮಾತನ್ನು ಕೇಳುವುದು, ಸತ್ಯವನ್ನು ನುಡಿಯುವುದು ಇವುಗಳೊಡನೆ ಪ್ರಾಣಿಗಳಲ್ಲಿ ದಯೆಯಿಡುವುದನ್ನೂ ಅದು ಬೋಧಿಸುತ್ತದೆ. ಸೃಷ್ಟಿಕರ್ತನು ಅಷ್ಟು ಚಿಕ್ಕ ಜೀವಿಗೆ ಇಷ್ಟು ದೊಡ್ಡ ಕೆಲಸವನ್ನು ವಹಿಸಿರುವಲ್ಲಿ, ಪಂಜನ್ನು ಹಿಡಿಯುವ ಮೊದಲು ಯಾವ ಜೇನೆಂದು ನೋಡುವಷ್ಟು ತಾಳ್ಮೆಯು ನಮ್ಮಲ್ಲಿ ಇರಲಿ.