ಇರುಳಿಡೀ ತಿರುಗಿದ ಟೇಪು

ಎರಡು ಟೇಪ್ ರೆಕಾರ್ಡರ್. ನಡುವೆ ಒಂದೇ ಟೇಪು. ನುಡಿಸಿದ್ದನ್ನು ಮೊದಲನೆಯದು ಮುದ್ರಿಸಿಕೊಳ್ಳುತ್ತದೆ. ಟೇಪು ಸಾಗಿ ಎರಡನೆಯದನ್ನು ತಲುಪಿದಾಗ ಅದೇ ಸ್ವರ ಮತ್ತೆ ಕೇಳಿಸುತ್ತದೆ. ಸೆಕೆಂಡಿಗೆ 7.5 ಇಂಚು ಓಡುವ ಟೇಪಿಗೆ 5 ಅಡಿ ದಾರಿಯಿದ್ದರೆ, ಸ್ವರ ಮರಳಲು 8 ಸೆಕೆಂಡು. ಮರಳಿದ್ದನ್ನು ವೈರಿನ ಮೂಲಕ ಮತ್ತೆ ಮೊದಲ ಯಂತ್ರಕ್ಕೇ ಕೊಟ್ಟರೆ ಹಳತರ ಮೇಲೆ ಹೊಸತು ಕೂಡಿಕೊಳ್ಳುತ್ತ, ಒಬ್ಬನೇ ಕಲಾವಿದ ಒಂದು ಮೇಳವಾಗುತ್ತಾನೆ.

ಅಮೆರಿಕದ ಸಂಗೀತಗಾರ ಟೆರಿ ರೈಲಿ ಅವರಿಗೆ ಈ ಉಪಾಯ ಸಿಕ್ಕಿದ್ದು 1963ರಲ್ಲಿ, ಪ್ಯಾರಿಸ್ಸಿನಲ್ಲಿ. ನಾಟಕವೊಂದಕ್ಕಾಗಿ ಚೆಟ್ ಬೇಕರ್ ಮೇಳದ ಜಾಝ್ ಮುದ್ರಿಕೆಯನ್ನು ಸುತ್ತಿ ಸುತ್ತಿ ಕೇಳಿಸಬೇಕಿತ್ತು. ಫ್ರೆಂಚ್ ತಂತ್ರಜ್ಞರೊಬ್ಬರು ಯಂತ್ರ ಜೋಡಿಸಿಕೊಟ್ಟರು. ರೈಲಿ ಅದಕ್ಕೆ ‘ಟೈಮ್ ಲ್ಯಾಗ್ ಅಕ್ಯುಮುಲೇಟರ್’ ಎಂಬ ಭಾರೀ ಹೆಸರಿಟ್ಟರು.

1967ರಲ್ಲಿ ಫಿಲಡೆಲ್ಫಿಯಾದ ಕಲಾ ಕಾಲೇಜಿನಲ್ಲಿ ಅವರ ಇರುಳಿಡೀ ಕಛೇರಿ ನಡೆಯಿತು. ಜನ ಮನೆಮಂದಿಯೊಂದಿಗೆ ಮಲಗುವ ಚೀಲ, ತೂಗುಮಂಚ ಹೊತ್ತು ಬಂದಿದ್ದರು. ಚಾಪೆ ಹಿಡಿದು ಬಯಲಾಟಕ್ಕೆ ಹೋಗುತ್ತಿದ್ದ ನಮ್ಮವರಂತೆ. ಆ ಕಾಲದ ಇಂಥ ಕಛೇರಿಗಳಲ್ಲಿ ರೈಲಿ ಅವರ ಹಳೇ ಹಾರ್ಮೋನಿಯಂಗೆ ಗಾಳಿ ಊದುತ್ತಿದ್ದದ್ದು ವ್ಯಾಕ್ಯೂಮ್ ಕ್ಲೀನರಿನ ಮೋಟಾರು! ತಿದಿ ಒತ್ತುವ ಗೊಡವೆಯಿಲ್ಲ, ಎರಡೂ ಕೈ ಮನೆಗಳ ಮೇಲೆ. ದಣಿದು ಎದ್ದು ಹೋದರೆ, ಅವರೇ ಆಗ ನುಡಿಸಿದ್ದ ಸ್ಯಾಕ್ಸೊಫೋನು ಟೇಪಿನಿಂದ ಮುಂದುವರಿಯುತ್ತಿತ್ತು.

ಯಂತ್ರದ ಸಂಗೀತ ಎಂದು ಮೂಗು ಮುರಿಯುವವರುಂಟು. ನನಗಂತೂ ಇದು ಅಪ್ಪಟ ಮನೋಧರ್ಮ ಸಂಗೀತ, ಅದೂ ಕಠಿಣವಾದದ್ದು. ಅಪಸ್ವರ ಬಿತ್ತೋ, 8 ಸೆಕೆಂಡಿಗೆ ಅದೂ ಹಾಜರು. ಅದನ್ನು ಅಳಿಸುವಂತಿಲ್ಲ, ಮುಂದಿನ ಸ್ವರದಿಂದ ಅದಕ್ಕೊಂದು ಅರ್ಥ ಕಟ್ಟಬೇಕು. ನಾಲ್ಕು ಸ್ವರ ಹೆಚ್ಚಾದರೂ ಎಲ್ಲ ಕಲಸುಮೇಲೋಗರ.

1970ರಲ್ಲಿ ರೈಲಿ ಪಂಡಿತ್ ಪ್ರಾಣನಾಥರ ಶಿಷ್ಯರಾದರು. ಪ್ರಾಣನಾಥರದು ಕಿರಾಣಾ ಘರಾಣೆ, ಗುರು ಅಬ್ದುಲ್ ವಹೀದ್ ಖಾನ್. ಅದೇ ಘರಾಣೆಯ ಅಬ್ದುಲ್ ಕರೀಂ ಖಾನರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿಯವರಿಗೆ ವಿದ್ಯೆ ಇಳಿಯಿತು. ಹಾಗೆ ನೋಡಿದರೆ ಕ್ಯಾಲಿಫೋರ್ನಿಯಾದ ಈ ಮನುಷ್ಯ ಧಾರವಾಡ ಸೀಮೆಗೆ ದೂರದ ನೆಂಟ.

ಲಂಡನ್ನಿನಲ್ಲಿ ಬ್ರಯನ್ ಈನೊ, ರಾಬರ್ಟ್ ಫ್ರಿಪ್ ಇದೇ ಜೋಡಿಯಂತ್ರ ಹಿಡಿದು 1973ರಲ್ಲಿ ಗಿಟಾರಿನ ಆಲ್ಬಮ್ ತಂದರು. 1978ರ ಹೊತ್ತಿಗೆ ಈನೊ ಇಂಥ ಸಂಗೀತಕ್ಕೆ ‘ಆಂಬಿಯೆಂಟ್’ ಎಂದು ಹೆಸರು ಕೊಟ್ಟರು. ರೈಲಿ ಸಿಂಥಸೈಸರಿಗೆ ಹೊರಳಿದಾಗ ಅದನ್ನು ಪಿಯಾನೊದ ಶ್ರುತಿಯಲ್ಲಿ ಬಿಡಲಿಲ್ಲ. ಎರಡು ಪ್ರಾಫೆಟ್-5 ವಾದ್ಯಗಳನ್ನು ಶುದ್ಧ ಶ್ರುತಿಗೆ ಕೂಡಿಸಿ, ಜೊತೆಗೆ ತಾವೇ ಹಾಡಿದರು. ಹೊಸದಾಗಿ ಕೇಳುವವರು 1969ರ ‘ಪಾಪಿ ನೋಗುಡ್’ನಿಂದ ಶುರು ಮಾಡಬಹುದು. ಹೆಡ್‌ಫೋನ್ ಬೇಡ, ಕೋಣೆಯಲ್ಲಿ ತುಸು ಜೋರಾಗಿಯೇ ಹಾಕಿ.