ಅರ್ಧ ಮನೆ ಕೆಳಗಿನ ಪಿಟೀಲು

ಜಗಳೂರಿನಲ್ಲಿರುವ ನನ್ನ ತಂಗಿಯ ಮಗಳು ಪಿಟೀಲು ಕಲಿಯುತ್ತಿದ್ದಾಳೆ. ಪ್ರತಿ ಭಾನುವಾರ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ದಾವಣಗೆರೆಗೆ ಹೋಗಿ ಪಾಠ ಹೇಳಿಸಿಕೊಂಡು ಬರುತ್ತಾಳೆ. ಕಳೆದ ಬೇಸಿಗೆ ರಜೆಯಲ್ಲಿ ಅವರ ಮನೆಗೆ ಹೋಗಿದ್ದಾಗ ಹುಡುಗಿ ಮೊಬೈಲು ಹಿಡಿದು ತಕರಾರು ತೆಗೆದಳು.

‘ಇದು ಕೆಟ್ಟೈತೆ ನೋಡು ಮಾವ. ಬಾರಿಸ್ತಿರೋದು ಒಂದೇ, ರೆಕಾರ್ಡಿಂಗು ಎರಡು. ಇದು ಮಾತ್ರ ಅರ್ಧ ಮನೆ ಕೆಳಗೈತೆ.’

ಶ್ರುತಿಪೆಟ್ಟಿಗೆ ಹಾಕಿ ನೋಡಿದೆವು. ಅವಳ ಕಿವಿ ಸರಿಯಾಗಿಯೇ ಇತ್ತು. ಮೊಬೈಲೂ ಕೆಟ್ಟಿರಲಿಲ್ಲ. ಬೇರೆ ಬೇರೆ ದೇಶದವರ ಪಿಟೀಲನ್ನೂ ಕೇಳು ಎಂದು ಮೇಷ್ಟ್ರು ಹೇಳಿದ್ದರಂತೆ. ಇಟಲಿಯ ಕೊರೆಲ್ಲಿ ಎಂಬಾತ 1700ರಲ್ಲಿ ರೋಮ್‌ನಲ್ಲಿ ಅಚ್ಚು ಹಾಕಿಸಿದ ಪಿಟೀಲಿನ 12 ಸೊನಾಟಾಗಳಲ್ಲಿ ಕೊನೆಯದನ್ನು ಅವಳು ಹುಡುಕಿಕೊಂಡಿದ್ದಳು. ಒಂದು ರೆಕಾರ್ಡಿಂಗಿನಲ್ಲಿದ್ದುದು ಇಂದಿನ ಪಿಟೀಲು. ಇನ್ನೊಂದರಲ್ಲಿದ್ದುದು ಕೊರೆಲ್ಲಿಯ ಕಾಲದ ರೀತಿಯ ಪಿಟೀಲು. ಇಂದಿನ ವಾದ್ಯಗೋಷ್ಠಿಗಳು ಶ್ರುತಿ ಮಾಡಿಕೊಳ್ಳುವ ಸ್ವರ ಸೆಕೆಂಡಿಗೆ 440 ಕಂಪನಗಳದು. ಹಳೆಯ ವಾದ್ಯದವರು ಅದನ್ನು 415ಕ್ಕೆ ಇಳಿಸಿಕೊಳ್ಳುತ್ತಾರೆ. ಲೆಕ್ಕ ಹಾಕಿದರೆ ಸರಿಯಾಗಿ ಅರ್ಧ ಮನೆ. ಹಾಗೆಂದು ಆ ಕಾಲದಲ್ಲಿ ಎಲ್ಲರೂ 415ರಲ್ಲೇ ನುಡಿಸುತ್ತಿದ್ದರು ಎಂದೇನಲ್ಲ. ಊರಿಗೊಂದು ಶ್ರುತಿ, ಚರ್ಚಿಗೊಂದು ಶ್ರುತಿ ಇತ್ತು. 415 ಎಂಬುದು ನಮ್ಮ ಕಾಲದವರು ಅನುಕೂಲಕ್ಕೆಂದು ಮಾಡಿಕೊಂಡ ರಾಜಿ.

ಸುಮಾರು 1600ರಿಂದ 1750ರವರೆಗಿನ ಯೂರೋಪಿನ ಸಂಗೀತಕ್ಕೆ ಬರೋಕ್ ಎನ್ನುತ್ತಾರೆ. ಕೊರೆಲ್ಲಿ, ವಿವಾಲ್ಡಿ, ಹ್ಯಾಂಡೆಲ್, ಬಾಕ್ ಈ ಅವಧಿಯವರು. ನಾಲ್ಕಾರು ಮಂದಿ ಒಂದು ಕೋಣೆಯಲ್ಲಿ ಕೂತು ನುಡಿಸುವುದಕ್ಕೆಂದು ಅವರು ಬರೆದ ಸಂಗೀತ ಅಪಾರ. ನಮ್ಮ ಸಂಗೀತ ವಿದ್ಯಾರ್ಥಿಗಳು ಅದರಲ್ಲಿ ಗಮನಿಸಬೇಕಾದ ಒಂದು ಸೊಗಸಿದೆ. ಹಾರ್ಪ್ಸಿಕಾರ್ಡ್ ನುಡಿಸುವವನ ಮುಂದೆ ಪೂರ್ತಿ ಸ್ವರಗಳು ಇರುವುದಿಲ್ಲ. ಕೆಳಗಿನ ಮಂದ್ರದ ಒಂದು ಸಾಲು, ಅದರ ಜೊತೆ ಕೆಲವು ಅಂಕಿಗಳು, ಅಷ್ಟೇ. ಮಿಕ್ಕಿದ್ದನ್ನು ಆತ ಅಲ್ಲೇ ಹುಟ್ಟಿಸಿ ತುಂಬಬೇಕು. ಪಿಟೀಲಿನವನೂ ನಿಧಾನದ ಭಾಗಗಳಲ್ಲಿ ಬರೆದಿರುವ ಸ್ವರಗಳ ನಡುವೆ ತನ್ನ ಅಲಂಕಾರ ಸೇರಿಸುತ್ತಾನೆ. ಮನೋಧರ್ಮ ಎಂದು ನಾವು ಹೇಳುವುದಕ್ಕೆ ಇದು ಅಷ್ಟೇನೂ ದೂರವಲ್ಲ. ಪಾಶ್ಚಾತ್ಯರದೆಲ್ಲ ಬರೆದದ್ದನ್ನು ನೋಡಿ ಒಪ್ಪಿಸುವುದು ಎಂದು ಮೂಗು ಮುರಿಯುವವರು ಇದನ್ನೊಮ್ಮೆ ಕೇಳಬೇಕು.

ಆಗಿನ ಪಿಟೀಲಿನ ತಂತಿ ಲೋಹದ್ದಲ್ಲ. ಕುರಿಯ ಕರುಳನ್ನು ಹುರಿ ಮಾಡಿ ಎಳೆದದ್ದು. ಜಗಳೂರು ಸೀಮೆಯಲ್ಲಿ ಮಳೆಗೆ ಬರವೇ ಹೊರತು ಕುರಿಗೆ ಬರವಿಲ್ಲ ಎಂದು ನಾನು ಹೇಳಿದಾಗ ಹುಡುಗಿ ಮುಖ ಸಿಂಡರಿಸಿದಳು. ಕರುಳಿನ ತಂತಿ ಸೆಕೆಗೆ, ತೇವಕ್ಕೆ ಶ್ರುತಿ ಬಿಡುತ್ತದೆ, ಹರಿಯುತ್ತದೆ. ಆದರೆ ಅದರ ನಾದದಲ್ಲಿ ಮನುಷ್ಯನ ಗಂಟಲಿನ ಒಂದು ಸಣ್ಣ ಗೊಗ್ಗರು ಇರುತ್ತದೆ. ಕಮಾನು ಇಂದಿನದರಂತೆ ಒಳಕ್ಕೆ ಬಾಗಿರದೆ ಬಿಲ್ಲಿನ ಹಾಗೆ ಹೊರಕ್ಕೆ ಬಾಗಿರುತ್ತಿತ್ತು, ತುದಿ ಹಗುರ. ಆದ್ದರಿಂದ ಪ್ರತಿ ಸ್ವರವೂ ಹುಟ್ಟಿ, ಉಬ್ಬಿ, ಇಳಿಯುತ್ತದೆ. ಗದ್ದಕ್ಕೆ ಆಸರೆಯಾಗಿ ಇಂದು ಪಿಟೀಲಿಗೆ ಹಾಕುವ ತುಂಡು ಬಂದದ್ದು 1820ರ ಸುಮಾರಿಗೆ. ಅದಕ್ಕೆ ಮುಂಚೆ ಎದೆಗೋ ಭುಜಕ್ಕೋ ಒರಗಿಸಿ ನುಡಿಸುತ್ತಿದ್ದರು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಬಾಲುಸ್ವಾಮಿ ದೀಕ್ಷಿತರು ಮದ್ರಾಸಿನಲ್ಲಿ ಐರೋಪ್ಯರಿಂದ ಕಲಿತು ಪಿಟೀಲನ್ನು ನಮ್ಮ ಸಂಗೀತಕ್ಕೆ ತಂದದ್ದು ಸುಮಾರಾಗಿ ಆ ಕಾಲದಲ್ಲೇ. ನೆಲದ ಮೇಲೆ ಕೂತು, ವಾದ್ಯದ ತಲೆಯನ್ನು ಪಾದದ ಮೇಲಿಟ್ಟು, ಗದ್ದದ ಹಂಗಿಲ್ಲದೆ ನಮ್ಮವರು ಇಂದಿಗೂ ನುಡಿಸುತ್ತಾರೆ.

ಇಷ್ಟು ಚೆನ್ನಾಗಿದ್ದುದನ್ನು ಬದಲಾಯಿಸಿದ್ದೇಕೆ? ಸಭಾಂಗಣ ದೊಡ್ಡದಾಯಿತು, ಅದಕ್ಕೆ. ಹಿಂದೆ ಅರಮನೆಯ ಕೋಣೆಯಲ್ಲಿ ಐವತ್ತು ಮಂದಿ ಕೇಳುತ್ತಿದ್ದರು. ಹತ್ತೊಂಬತ್ತನೆಯ ಶತಮಾನದಲ್ಲಿ ಟಿಕೆಟು ಕೊಂಡು ಸಾವಿರಾರು ಮಂದಿ ಬರತೊಡಗಿದರು. ಕೊನೆಯ ಸಾಲಿಗೂ ಕೇಳಿಸಬೇಕೆಂದು ಪಿಟೀಲಿನ ಕತ್ತನ್ನು ಹಿಂದಕ್ಕೆ ಬಾಗಿಸಿದರು, ಕುದುರೆಯನ್ನು ಎತ್ತರಿಸಿದರು, ತಂತಿಗಳನ್ನು ಬಿಗಿದರು. ಹಕ್ಕಿಯ ಗರಿಯ ಮೊನೆಯಿಂದ ತಂತಿ ಮೀಟುವ ಹಾರ್ಪ್ಸಿಕಾರ್ಡ್ ಮೂಲೆ ಸೇರಿ, ಅದರ ಜಾಗಕ್ಕೆ ಪಿಯಾನೊ ಬಂತು.

ನಮ್ಮಲ್ಲೂ ಇದೇ ಕಥೆ ನಡೆದಿದೆ. ಮೈಸೂರಿನ ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿದ್ದು ಏತಕ್ಕೆ? ಮೈಕು ಇಲ್ಲದ ದಿನಗಳಲ್ಲಿ ಕಚೇರಿಯ ಕೊನೆಯಲ್ಲಿ ಕೂತವನಿಗೂ ನಾದ ತುಂಬಿ ಬರಲಿ ಎಂದು. ಆಮೇಲೆ ಮೈಕು ಬಂತು. ಆರ್.ಆರ್. ಕೇಶವಮೂರ್ತಿಯವರಂಥ ಕೆಲವರು ಏಳು ತಂತಿಯನ್ನು ಮುಂದುವರಿಸಿದರಾದರೂ ಬಹುಪಾಲು ಮಂದಿ ನಾಲ್ಕಕ್ಕೇ ನಿಂತರು. 1967ರಲ್ಲಿ ಚೌಡಯ್ಯನವರು ತೀರಿಕೊಂಡ ಮೇಲೆ ಬೆಂಗಳೂರಿನಲ್ಲಿ ಅವರ ಹೆಸರಿನಲ್ಲಿ ಪಿಟೀಲಿನ ಆಕಾರದ ಭವನವನ್ನೇ ಕಟ್ಟಿದರು. ಆದರೆ ಆ ನಾದ ಬೇಕೆಂದರೆ ಭವನಕ್ಕೆ ಹೋಗಿ ಪ್ರಯೋಜನವಿಲ್ಲ. ಹಳೆಯ ರೆಕಾರ್ಡುಗಳನ್ನೇ ಹುಡುಕಬೇಕು.

ರೆಕಾರ್ಡು ಮತ್ತು ಮೈಕು ಹಳೆಯ ವಾದ್ಯಗಳಿಗೆ ಮಾಡಿದ ಉಪಕಾರವೂ ಇದೇ ಜಾತಿಯದು. ಸಣ್ಣ ದನಿಯ ವಾದ್ಯ ಈಗ ಸಾವಿರ ಮಂದಿಯ ಸಭಾಂಗಣವನ್ನು ತುಂಬಬೇಕಾಗಿಲ್ಲ. ಮೈಕಿನ ಕಿವಿ ತುಂಬಿದರೆ ಸಾಕು. ಜಗಳೂರೂ ಸೇರಿದ್ದ ಮೈಸೂರು ಸಂಸ್ಥಾನದ ದೊರೆ ಜಯಚಾಮರಾಜ ಒಡೆಯರು ರೆಕಾರ್ಡಿನ ಈ ಶಕ್ತಿಯನ್ನು ಬಲ್ಲವರು. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯದ ವೃದ್ಧ ಸಂಗೀತಗಾರ ಮೆಟ್ನರ್‌ನ ಕೃತಿಗಳನ್ನು 1940ರ ದಶಕದಲ್ಲಿ ಅವರು ತಮ್ಮ ಹಣದಿಂದ ರೆಕಾರ್ಡು ಮಾಡಿಸಿದರು. ಮೆಟ್ನರ್ ಬರೋಕಿನವನಲ್ಲ, ನಿಜ. ಆದರೆ 1951ರಲ್ಲಿ ತೀರಿಕೊಂಡ ಆತನ ಕೈಯಿಂದಲೇ ಆತನ ಸಂಗೀತ ಇಂದಿಗೂ ಕೇಳಸಿಗುವುದಕ್ಕೆ ಮೈಸೂರಿನ ಹಣ ಒಂದು ಕಾರಣ.

ಬರೋಕಿನ ಕಡೆ ಆ ಕೆಲಸ ಹಿಡಿದವರು ದೊರೆಗಳಲ್ಲ, ಸಂಬಳದ ಮೇಲೆ ಬದುಕುತ್ತಿದ್ದವರು. ವಿಯೆನ್ನಾದಲ್ಲಿ ನಿಕೋಲಾಸ್ ಹಾರ್ನೊನ್‌ಕೋರ್ಟ್ ಎಂಬ ಚೆಲ್ಲೊ ವಾದಕ ನಗರದ ದೊಡ್ಡ ವಾದ್ಯಗೋಷ್ಠಿಯೊಂದರಲ್ಲಿ ನೌಕರಿಯಲ್ಲಿದ್ದ. ಪಿಟೀಲು ನುಡಿಸುತ್ತಿದ್ದ ಹೆಂಡತಿ ಆಲಿಸ್ ಹಾಗೂ ಕೆಲವು ಗೆಳೆಯರನ್ನು ಕೂಡಿಕೊಂಡು 1953ರಲ್ಲಿ ಒಂದು ತಂಡ ಕಟ್ಟಿದ. ಮನೆಯ ಪಡಸಾಲೆಯಲ್ಲೇ ಅಭ್ಯಾಸ. ಹಳೆಯ ವಾದ್ಯಗಳನ್ನು ಹುಡುಕಿ ತಂದು, ಹಳೆಯ ಗ್ರಂಥಗಳನ್ನು ಓದಿ, ನಾಲ್ಕು ವರ್ಷ ನುಡಿಸಿಕೊಂಡರು. ಮೊದಲ ಸಾರ್ವಜನಿಕ ಕಚೇರಿ ಕೊಟ್ಟದ್ದು 1957ರಲ್ಲಿ. ಆಮೇಲೆ ಬಂದವು ಎಲ್‌ಪಿಗಳು. ಹಾಲೆಂಡಿನಲ್ಲಿ ಹಾರ್ಪ್ಸಿಕಾರ್ಡಿನ ಗುಸ್ತಾವ್ ಲಿಯೊನ್‌ಹಾರ್ಟ್, ಕೊಳಲಿನ ಫ್ರಾನ್ಸ್ ಬ್ರ್ಯೂಗನ್, ಚೆಲ್ಲೊದ ಅನ್ನರ್ ಬೈಲ್ಸ್ಮಾ ಇದೇ ಹಾದಿ ಹಿಡಿದರು. ಬೆಲ್ಜಿಯಂನ ಸಿಗಿಸ್ವಾಲ್ಡ್ ಕೌಕನ್ ಗದ್ದದಿಂದ ಹಿಡಿಯದೆ ಪಿಟೀಲು ನುಡಿಸುವುದನ್ನು ಮತ್ತೆ ರೂಢಿಸಿಕೊಂಡ. ಆತ ಮತ್ತು ಲಿಯೊನ್‌ಹಾರ್ಟ್ 1973ರಲ್ಲಿ ಮುದ್ರಿಸಿದ ಬಾಕ್‌ನ ಸೊನಾಟಾಗಳನ್ನು ರಾತ್ರಿ ಊರು ಮಲಗಿದ ಮೇಲೆ ಕೇಳಬೇಕು. ಕಮಾನು ತಂತಿಗೆ ತಾಗುವ ಸದ್ದೂ ಕೇಳುತ್ತದೆ.

ಜರ್ಮನಿಯ ಕಲೋನ್ ನಗರದಲ್ಲಿ ತಂಡ ಕಟ್ಟಿದ್ದ ರೈನ್‌ಹಾರ್ಡ್ ಗೋಬೆಲ್‌ನದು ಇನ್ನೊಂದು ಬಗೆಯ ಹಟ. 1990ರ ವೇಳೆಗೆ ಆತನ ಎಡಗೈ ಬೆರಳುಗಳು ಸ್ವಾಧೀನ ತಪ್ಪಿದವು. ಆತ ಪಿಟೀಲನ್ನು ಬಲಗೈಗೆ, ಕಮಾನನ್ನು ಎಡಗೈಗೆ ಬದಲಾಯಿಸಿಕೊಂಡು ಮೊದಲಿನಿಂದ ಕಲಿತು ಮತ್ತೆ ವೇದಿಕೆ ಹತ್ತಿದ. ಇದನ್ನು ಹೇಳಿದಾಗ ಹುಡುಗಿ ತನ್ನ ಎರಡೂ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.

ಹಳೆಯ ವಾದ್ಯ ಹಿಡಿದ ಮಾತ್ರಕ್ಕೆ ಕೊರೆಲ್ಲಿ ಕೇಳಿದ್ದೇ ನಮಗೂ ಕೇಳುತ್ತದೆ ಎಂದು ನಾನು ನಂಬುವುದಿಲ್ಲ. 1700ರ ರೆಕಾರ್ಡು ಯಾರ ಬಳಿಯೂ ಇಲ್ಲ. ಹಳೆಯ ವಾದ್ಯದಲ್ಲಿ ಕೆಟ್ಟದಾಗಿ ನುಡಿಸುವವರೂ ಇದ್ದಾರೆ, ಇಂದಿನ ಪಿಟೀಲಿನಲ್ಲಿ ಕಣ್ಣು ಮುಚ್ಚಿಸುವಂತೆ ಬಾಕ್ ನುಡಿಸುವವರೂ ಇದ್ದಾರೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಕೇಳಿದಾಗ ಕಿವಿಗೆ ಸಿಗುವ ಪಾಠವೇ ಬೇರೆ. ಹುಡುಗಿ ಅಂದು ಮಾಡಿದ್ದೂ ಅದನ್ನೇ. ಅದನ್ನು ದೋಷ ಎಂದುಕೊಂಡಿದ್ದಳು, ಅಷ್ಟೇ.

ಸಂಜೆ ಅವಳು ಬಿರಡೆ ತಿರುಗಿಸಿ ಪಿಟೀಲಿನ ಶ್ರುತಿ ಇಳಿಸಿಕೊಂಡು ಆ ರೆಕಾರ್ಡಿಂಗಿನ ಜೊತೆಗೆ ನುಡಿಸಲು ಕೂತಳು. ಪಕ್ಕದಲ್ಲಿ ಲೆಕ್ಕದ ಪುಸ್ತಕ ಬರೆಯುತ್ತಿದ್ದ ಅವಳ ಅಪ್ಪ ತಲೆ ಎತ್ತಿ ಕೇಳಿದ:

‘ಭಾವ, ಅರ್ಧ ಮನೆ ಕೆಳಗಿಟ್ರೆ ತಂತಿ ಹರಿಯೋದು ಕಡಿಮೆ ಆಗುತ್ತೇನ್ರೀ? ಒಂದು ತಂತಿಗೂ ದಾವಣಗೆರೆಗೇ ಹೋಗ್ಬೇಕು ನೋಡ್ರಿ.’